ಗಾಜನ್ನು ಕಾಣುವುದು

(ಬಾನುಲಿ ಭಾಷಣ)

ಛಾಯಾಚಿತ್ರದ ವಿಷಯವಾಗಿ ಬಾನುಲಿಯಲ್ಲಿ ಮಾತನಾಡುವುದು ಕೊಂಚ ವಿಚಿತ್ರವಾದ ಕೆಲಸ. ಒಂದು ಚಿತ್ರವನ್ನೂ ಮುಂದಿಡದೆ ಚಿತ್ರದ ಸೊಗಸನ್ನು ಹೇಳಬೇಕು. ಕೇಳುವವರು ಕಿವಿಯನ್ನೇ ಕಣ್ಣಾಗಿ ಮಾಡಿಕೊಳ್ಳಬೇಕು. ಅದರ ಮೇಲೆ ಇಂದು ನಾನು ಆರಿಸಿಕೊಂಡಿರುವ ವಸ್ತು ಗಾಜು. ಎದುರಿಗಿದ್ದೂ ಕಾಣಿಸದಿರುವುದು ಅದರ ಸ್ವಭಾವ. ಕಿಟಕಿಯ ಗಾಜು ಚೆನ್ನಾಗಿದೆ ಎಂದು ನಾವು ಮೆಚ್ಚುವುದು ಅಲ್ಲಿ ಗಾಜಿದೆಯೆಂಬುದೇ ಮರೆತುಹೋಗುವಷ್ಟು ಅದು ತಿಳಿಯಾಗಿರುವಾಗ. ಕನ್ನಡಕ ಹಾಕಿಕೊಂಡವರು ಕನ್ನಡಕವನ್ನು ನೋಡುವುದಿಲ್ಲ. ಕಾಣದ ವಸ್ತುವನ್ನು ಹೀಗೆ ಕಾಣದ ಮಾಧ್ಯಮದಲ್ಲಿ ಬಣ್ಣಿಸಲು ಹೊರಟಿದ್ದೇನೆ. ಕೇಳುಗರು ತುಸು ಸಹನೆ ತೋರಬೇಕು.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಕಾಫಿ ಬೆಟ್ಟಗಳಿಗೆ ಇಂದು ಕ್ಯಾಮರಾ ಹಿಡಿದು ಬರುವವರಿಗೆ ಲೆಕ್ಕವಿಲ್ಲ. ಎಲ್ಲರ ಕಿಸೆಯಲ್ಲೂ ಫೋನು, ಫೋನಿನಲ್ಲಿ ಕ್ಯಾಮರಾ. ಅವರೆಲ್ಲ ಮುಳ್ಳಯ್ಯನಗಿರಿಯ ತುದಿಗೆ ಹೋಗುತ್ತಾರೆ. ಅದು 1,930 ಮೀಟರ್ ಎತ್ತರದ ಶಿಖರ, ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ್ದು. ಬಾಬಾಬುಡನ್ ಗಿರಿಯ ಮಂಜು, ಚಾರ್ಮಾಡಿ ಘಾಟಿಯ ಝರಿಗಳು, ಕಳಸದ ಬಳಿಯ ಭದ್ರೆ, ಮಾರ್ಚ್ ಏಪ್ರಿಲ್‌ನ ಮಳೆಗೆ ಒಮ್ಮೆಲೇ ಬೆಳ್ಳಗಾಗುವ ಕಾಫಿಯ ಹೂವು, ಇವುಗಳ ಚಿತ್ರಗಳು ಊರೂರಿಗೂ ಹರಡಿವೆ. ನೋಡತಕ್ಕ ನೋಟಗಳೇ ಅವು, ಅದರಲ್ಲಿ ಸಂಶಯವಿಲ್ಲ. ಆದರೆ ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆ ಹುಟ್ಟಿದ್ದು ಬೆಟ್ಟದ ಕೆಳಗೆ ನಿಂತು ನೋಡಿದವರಿಂದ. ಬೆಟ್ಟದಲ್ಲಿಯೇ ಬಾಳುವೆ ಮಾಡುವವರ ಪಾಡು ಬೇರೆ. ಜೂನ್ ಹೊಕ್ಕಿತೆಂದರೆ ಕೊಟ್ಟಿಗೆಹಾರ, ಕಳಸ, ಹೊರನಾಡಿನ ಕಡೆ ಹಗಲೂ ಇರುಳೂ ಮಳೆ. ನಾಲ್ಕು ತಿಂಗಳ ಕಾಲ ಶಿಖರವೂ ಇಲ್ಲ, ಕಣಿವೆಯೂ ಇಲ್ಲ. ಅಂಗಳದ ಆಚೆಗಿನ ಅಡಿಕೆಮರವೇ ಮಂಜಿನಲ್ಲಿ ಅರ್ಧ ಕರಗಿರುತ್ತದೆ. ಆಗ ಕಣ್ಣಿಗೆ ಉಳಿಯುವುದು ಮನೆಯೊಳಗಿನ ಸಾಮಾನುಗಳು. ವರ್ಷದ ಮೂರನೆಯ ಒಂದು ಭಾಗವನ್ನು ಕತ್ತಲುಗವಿದ ಮನೆಯೊಳಗೆ ಕಳೆಯಬೇಕಾದವನಿಗೆ ಆ ಸಾಮಾನುಗಳಲ್ಲಿ ಏನಾದರೂ ಚೆಲುವು ಕಾಣುತ್ತದೆಯೋ ಇಲ್ಲವೋ ಎಂಬುದು ಬರಿಯ ಕಲೆಯ ಪ್ರಶ್ನೆಯಲ್ಲ. ಅದು ದಿನ ಕಳೆಯುವ ಪ್ರಶ್ನೆ, ಮನಸ್ಸು ಮಂಕಾಗದಂತೆ ಉಳಿಸಿಕೊಳ್ಳುವ ಪ್ರಶ್ನೆ.

ಈ ಸೀಮೆಯಲ್ಲಿ ಛಾಯಾಗ್ರಹಣವೆಂದರೆ ನೆನಪಿಗೆ ಬರುವ ಮೊದಲ ಹೆಸರು ಪೂರ್ಣಚಂದ್ರ ತೇಜಸ್ವಿಯವರದು. ಮೂಡಿಗೆರೆಯ ಬಳಿ ಕಾಫಿ ಬೆಳೆಯುತ್ತ, ಬರೆಯುತ್ತ, ಮೀನು ಹಿಡಿಯುತ್ತ, 2007ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಬಾಳಿದ ಅವರು, ಸುತ್ತಮುತ್ತಲಿನ ಹಕ್ಕಿಗಳ ಚಿತ್ರಗಳನ್ನು ಅಪಾರ ತಾಳ್ಮೆಯಿಂದ ತೆಗೆದರು. 1980ರಲ್ಲಿ ಬಂದ ಅವರ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯೆಂಬ ಅದ್ಭುತವನ್ನು ಹುಡುಕುವುದು ದೂರದ ದ್ವೀಪಗಳಲ್ಲಲ್ಲ, ಮೂಡಿಗೆರೆಯ ಹತ್ತಿರದ ಕಾಡಿನಲ್ಲಿ. ಹಿತ್ತಲ ಗಿಡ ಮದ್ದಲ್ಲವೆಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಉತ್ತರ ನಮ್ಮ ಸಾಹಿತ್ಯದಲ್ಲಿ ವಿರಳ. ಹಕ್ಕಿಯ ಹಿಂದೆ ಹೋಗುವ ಕಸುವಾಗಲಿ ಮೊಣಕಾಲಾಗಲಿ ಇಲ್ಲದ ನನ್ನಂಥವರು ಅದೇ ಪಾಠವನ್ನು ಹಿತ್ತಲಿನಿಂದ ಇನ್ನೂ ಒಳಕ್ಕೆ, ಅಡುಗೆಮನೆಯ ಗೂಡಿನವರೆಗೆ ಎಳೆದುಕೊಂಡಿದ್ದೇವೆ, ಅಷ್ಟೆ.

ಗಾಜು ನಮಗೆ ಹೇಗೆ ಕಾಣುತ್ತದೆ? ಮರ, ಮಣ್ಣು, ಬಟ್ಟೆ ಇವುಗಳ ಮೇಲೆ ಬೆಳಕು ಬಿದ್ದರೆ ಅದು ಎಲ್ಲ ದಿಕ್ಕಿಗೂ ಚೆದರಿ ನಮ್ಮ ಕಣ್ಣಿಗೆ ಬರುತ್ತದೆ. ಗಾಜು ಹಾಗಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟು ಮಾತ್ರ ಅದರ ಒಂದೊಂದು ಮೈಯಿಂದ ಹಿಂದಕ್ಕೆ ಮರಳುತ್ತದೆ. ಉಳಿದದ್ದು ಒಳಹೊಕ್ಕು, ತುಸು ಬಾಗಿ, ಆಚೆಗೆ ಹೊರಟುಹೋಗುತ್ತದೆ. ಆದ್ದರಿಂದ ಲೋಟದ ಚಿತ್ರ ತೆಗೆಯಬೇಕೆಂದು ಲೋಟದ ಮೇಲೆಯೇ ಬೆಳಕು ಚೆಲ್ಲಿದವನಿಗೆ ಸಿಕ್ಕುವುದು ಲೋಟವಲ್ಲ. ದೀಪದ ಒಂದು ಬಿಳಿಯ ಚುಕ್ಕೆ, ಎದುರಿನ ಕಿಟಕಿಯ ಒಂದು ಸೊಟ್ಟ ನೆರಳು, ಕ್ಯಾಮರಾ ಹಿಡಿದವನ ಮೂಗು, ಇಷ್ಟೇ. ಗಾಜಿಗೆ ತನ್ನದೆಂಬ ಮುಖವಿಲ್ಲ. ಸುತ್ತಲಿನ ಬೆಳಕು ಕತ್ತಲೆಗಳು ಅದರ ಅಂಚಿನಲ್ಲಿ ಸಂಧಿಸುವ ಕಡೆ ಒಂದು ಗೆರೆ ಮೂಡುತ್ತದೆ. ಆ ಗೆರೆಯೇ ಗಾಜಿನ ರೂಪ.

ಈ ತೊಡಕು ಛಾಯಾಗ್ರಹಣದಷ್ಟೇ ಹಳೆಯದು. ಕ್ಯಾಮರಾದ ಚಿತ್ರವನ್ನು ಕಾಗದದ ಮೇಲೆ ನಿಲ್ಲಿಸಿದವರಲ್ಲಿ ಮೊದಲಿಗನಾದ ಇಂಗ್ಲೆಂಡಿನ ಟಾಲ್ಬಟ್, 1844ರಿಂದ 1846ರವರೆಗೆ ಬಿಡಿ ಭಾಗಗಳಾಗಿ ಹೊರತಂದ ‘ನಿಸರ್ಗದ ಲೇಖನಿ’ ಎಂಬ ತನ್ನ ಪುಸ್ತಕದಲ್ಲಿ ಕಟ್ಟಡಗಳ ಜೊತೆಗೆ ಕಪಾಟಿನಲ್ಲಿ ಸಾಲಾಗಿಟ್ಟ ಗಾಜಿನ ಪಾತ್ರೆಗಳ ಚಿತ್ರವೊಂದನ್ನೂ ಸೇರಿಸಿದ್ದಾನೆ. ಪಿಂಗಾಣಿಯನ್ನೂ ಗಾಜನ್ನೂ ಒಟ್ಟಿಗೆ ಇಟ್ಟರೆ ಚಿತ್ರ ಸರಿಯಾಗಿ ಬಾರದು, ಬಿಳಿಯ ಪಿಂಗಾಣಿಯ ಚಿತ್ರ ಮೂಡಿ ಮುಗಿಯುವಾಗ ಗಾಜಿನದು ಇನ್ನೂ ಮೊದಲಾಗಿರುವುದಿಲ್ಲ, ಎಂದು ಅವನು ಅಲ್ಲಿ ತಿಳಿಸುತ್ತಾನೆ. ಹೊಸ ವಿದ್ಯೆಯೊಂದು ಕೈಗೆ ಬಂದ ಮೊದಲ ವರ್ಷಗಳಲ್ಲಿಯೇ ಮನೆಯ ಕಪಾಟಿನತ್ತ ಕ್ಯಾಮರಾ ತಿರುಗಿಸಿದ ಆ ಮನುಷ್ಯನ ಬಗೆಗೆ ನನಗೆ ವಿಶೇಷವಾದ ಪ್ರೀತಿ. ಮುಂದೆ 1851ರಲ್ಲಿ ಆರ್ಚರ್ ಎಂಬಾತ ಗಾಜಿನ ಹಲಗೆಯ ಮೇಲೆಯೇ ಚಿತ್ರ ಪಡೆಯುವ ಒದ್ದೆ ಲೇಪನದ ವಿಧಾನವನ್ನು ಪ್ರಕಟಿಸಿದ. ಅಲ್ಲಿಂದ ಮುಂದೆ ಬಹುಕಾಲ ಛಾಯಾಚಿತ್ರದ ಮೂಲಪ್ರತಿಯೆಂದರೆ ಗಾಜೇ. ನಮ್ಮ ಅಜ್ಜಂದಿರ ಪೇಟ ಕಟ್ಟಿದ ಮುಖಗಳು ಕಪ್ಪುಬಿಳುಪು ತಿರುಗುಮುರುಗಾಗಿ ಮೊದಲು ಕುಳಿತದ್ದು ಗಾಜಿನ ಮೇಲೆ.

ಗಾಜಿನ ಚಿತ್ರ ತೆಗೆಯುವವರು ಕಂಡುಕೊಂಡ ಮಾರ್ಗಗಳು ಎರಡು. ಎರಡಕ್ಕೂ ಸ್ಟುಡಿಯೊಗಳಲ್ಲಿ ದೊಡ್ಡ ಸಲಕರಣೆಗಳಿವೆ. ಮಲೆನಾಡಿನ ಹಳೆಯ ಮನೆಯಲ್ಲಿ ಎರಡೂ ಬಿಟ್ಟಿಯಾಗಿ ಒದಗುತ್ತವೆ.

ಮೊದಲನೆಯದು ಬೆಳಕಿನ ಹಿನ್ನೆಲೆ. ಗಾಜಿನ ಹಿಂದೆ ಒಂದೇ ಸಮನಾದ ಬಿಳುಪು ಇರಬೇಕು, ಬದಿಗಳಲ್ಲಿ ಕತ್ತಲೆ ಇರಬೇಕು. ಆಗ ಪಾತ್ರೆಯ ನಡುಭಾಗದ ಮೂಲಕ ಬಿಳುಪು ಕಾಣುತ್ತದೆ. ಅಂಚುಗಳಲ್ಲಿ ಬೆಳಕಿನ ಕಿರಣ ಬಹಳವಾಗಿ ಬಾಗುವುದರಿಂದ ಅಲ್ಲಿ ಬದಿಯ ಕತ್ತಲೆ ಕಾಣುತ್ತದೆ. ಬಿಳಿಯ ಕಾಗದದ ಮೇಲೆ ಕುಂಚದಿಂದ ಒಂದೇ ಎಳೆತಕ್ಕೆ ಬರೆದಂತೆ ಕಪ್ಪು ಗೆರೆ ಮೂಡುತ್ತದೆ. ಜುಲೈ ತಿಂಗಳ ಮಂಜು ಕಿಟಕಿಯ ಆಚೆ ಗೋಡೆಯಂತೆ ನಿಂತಿರುವಾಗ, ಒಳಗೆ ದೀಪ ಹಚ್ಚದ ಕೋಣೆಯ ಕಿಟಕಿಯ ದಂಡೆಯ ಮೇಲೆ ಒಂದು ಖಾಲಿ ಸೀಸೆಯನ್ನಿಟ್ಟು ನೋಡಿ. ನಾವು ಶಪಿಸುವ ಆ ಮಂಜಿಗಿಂತ ಶುದ್ಧವಾದ ಬಿಳಿ ಪರದೆಯನ್ನು ಯಾವ ಸ್ಟುಡಿಯೊವೂ ಹೊಲಿಸಲಾರದು.

ಎರಡನೆಯದು ಕತ್ತಲೆಯ ಹಿನ್ನೆಲೆ. ಗಾಜಿನ ಹಿಂದೆ ಕಪ್ಪಿರಬೇಕು. ಬೆಳಕು ಮೇಲಿನಿಂದಲೋ ಬದಿಯಿಂದಲೋ ಓರೆಯಾಗಿ ಬರಬೇಕು. ಆಗ ಅಂಚುಗಳು ಮಾತ್ರ ಆ ಬೆಳಕನ್ನು ಹಿಡಿದು ಕಣ್ಣಿನತ್ತ ಬಾಗಿಸುತ್ತವೆ. ಕತ್ತಲೆಯಲ್ಲಿ ಬೆಳ್ಳಿಯ ತಂತಿಯಿಂದ ಹೆಣೆದಂತೆ ಪಾತ್ರೆ ನಿಲ್ಲುತ್ತದೆ. ಇದಕ್ಕೆ ಬೇಕಾದ ಏರ್ಪಾಡು ನಮ್ಮ ಅಡುಗೆಮನೆಗಳಲ್ಲಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿ ಬಂದು ಹುಲ್ಲಿನ ಮಾಡುಗಳ ಜಾಗವನ್ನು ಮೆಲ್ಲಗೆ ಹಿಡಿಯಿತು. ಹೆಂಚಿನ ಮಾಡಿನಲ್ಲಿ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು ಸೇರಿತು. ಹೊಗೆಯಿಂದ ಕರಿಗಟ್ಟಿದ ಗೋಡೆ, ಕರಿಯ ತೊಲೆ, ಕರಿಯ ಅಟ್ಟ. ನೆತ್ತಿಯ ಮೇಲಿನ ಆ ಒಂದು ಹೆಂಚಿನಿಂದ ಇಳಿಯುವ ಬೆಳಕಿನ ಕೋಲು. ಒಲೆಯ ಹೊಗೆ ಅದನ್ನು ಹಾಯುವಾಗ ಕೋಲಿಗೆ ಮೈ ಬರುತ್ತದೆ. ಬಿಸಿಲಿನ ದಿನ ಅದು ನೆಲದ ಮೇಲೆ ಮೆಲ್ಲನೆ ಸರಿಯುತ್ತ ಗಡಿಯಾರದ ಕೆಲಸವನ್ನೂ ಮಾಡುತ್ತಿತ್ತು. ಆ ಬೆಳಕಿನ ಚೌಕದ ಅಂಚಿಗೆ ಒಂದು ಗಾಜಿನ ಲೋಟವನ್ನು ಸರಿಸಿಟ್ಟರೆ ಸಾಕು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವಾಗ ಆ ಗಾಜಿನ ಹೆಂಚಿನ ಮಸಿ ಒರೆಸುವುದು ಮನೆಯ ಹುಡುಗರ ಪಾಲಿನ ಕೆಲಸವಾಗಿತ್ತು. ಒರೆಸಿದ ದಿನ ಅಡುಗೆಮನೆಗೆ ಹಬ್ಬ ಬಂದಂತೆ ತೋರುತ್ತಿತ್ತು.

ಇಷ್ಟಾದ ಮೇಲೆ ವಸ್ತುಗಳಿಗೇನು ಬರ? ಮೊದಲು ಜೇನಿನ ಸೀಸೆ. ತುಡುವೆ ಜೇನನ್ನು ಯಾವುದೋ ಹಳೆಯ ಔಷಧದ ಸೀಸೆಗೆ ತುಂಬಿ ಬಿರಡೆ ಜಡಿದಿಡುವುದು ಮಲೆನಾಡಿನ ವಾಡಿಕೆ. ಅರ್ಧ ತುಂಬಿದ ಜೇನಿನ ಸೀಸೆಯನ್ನು ಬೆಳಕಿಗೆ ಹಿಡಿದರೆ ಒಂದು ಸೋಜಿಗ ಕಾಣುತ್ತದೆ. ಮೇಲಿನ ಖಾಲಿ ಭಾಗದಲ್ಲಿ ಗಾಜಿನ ಗೋಡೆಗೆ ಒಳಮೈ, ಹೊರಮೈ ಎಂದು ಎರಡು ಗೆರೆಗಳಿವೆ. ಜೇನು ತುಂಬಿದ ಕೆಳಭಾಗದಲ್ಲಿ ಒಳಗಿನ ಗೆರೆ ಅಳಿಸಿಹೋಗಿದೆ; ಸೀಸೆಯೆಂಬುದೇ ಇಲ್ಲದೆ ಜೇನೇ ಸೀಸೆಯ ಆಕಾರದಲ್ಲಿ ಗಟ್ಟಿಯಾಗಿ ನಿಂತಂತಿದೆ. ಕಾರಣ ಸರಳ. ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ ಗಾಜಿಗೆ ಸುಮಾರು 1.5, ಜೇನಿಗೆ ಸುಮಾರು 1.49. ಎರಡೂ ಹೆಚ್ಚುಕಡಿಮೆ ಒಂದೇ ಆದುದರಿಂದ ಗಾಜು ಮುಗಿದು ಜೇನು ಮೊದಲಾದದ್ದು ಬೆಳಕಿಗೆ ಗೊತ್ತೇ ಆಗುವುದಿಲ್ಲ. ನೀರಿನ ಅಳತೆ 1.33, ಅಂತೆಯೇ ನೀರಿನ ಸೀಸೆಯಲ್ಲಿ ಗೋಡೆ ಹಾಗೆ ಕರಗುವುದಿಲ್ಲ.

ಮತ್ತೊಂದು, ಕೊಬ್ಬರಿ ಎಣ್ಣೆಯ ಸೀಸೆ. ಡಿಸೆಂಬರಿನ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಬೆಣ್ಣೆಯಂತಾಗುತ್ತದೆ. ತಲೆಗೆ ಎಣ್ಣೆ ಹಚ್ಚುವವರು ಅದನ್ನು ಜಗಲಿಯ ಬಿಸಿಲಿಗೆ ಇಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಆಮೇಲಿನ ಅರ್ಧ ಗಂಟೆ ನೋಡುವಂಥದು. ಬಿಸಿಲು ತಾಗಿದ ಅಂಚು ಮೊದಲು ತಿಳಿಯಾಗುತ್ತದೆ. ನಡುವೆ ಬಿಳಿಯ ಗಡ್ಡೆಯೊಂದು ಉಳಿದು, ಸುತ್ತ ಹೊನ್ನಿನ ಬಣ್ಣದ ಎಣ್ಣೆ ಆವರಿಸಿ, ಆ ಗಡ್ಡೆ ಕ್ಷಣಕ್ಷಣಕ್ಕೂ ಸವೆದು ಒಮ್ಮೆ ಮೋಡದಂತೆ, ಒಮ್ಮೆ ಹತ್ತಿಯಂತೆ ತೇಲುತ್ತದೆ. ಅಷ್ಟರಲ್ಲಿ ಯಾರೋ ಬಂದು ಸೀಸೆಯನ್ನು ತೆಗೆದುಕೊಂಡು ಹೋಗುತ್ತಾರೆ. ಚಿತ್ರಕಾರನಿಗಾಗಿ ತಲೆಗೂದಲು ಕಾಯುವುದಿಲ್ಲ.

ಗೋಲಿ ಸೋಡಾದ ಸೀಸೆಯನ್ನು ಮರೆಯುವಂತಿಲ್ಲ. 1870ರ ದಶಕದಲ್ಲಿ ಇಂಗ್ಲೆಂಡಿನ ಹೈರಂ ಕಾಡ್ ಎಂಬಾತ ರೂಪಿಸಿದ ಈ ಸೀಸೆ ಅಲ್ಲಿಯವರಿಗೆ ಮರೆತುಹೋದ ಮೇಲೂ ನಮ್ಮ ಪೇಟೆಗಳಲ್ಲಿ ಬಾಳಿತು. ಒಳಗಿನ ಅನಿಲವೇ ಗೋಲಿಯನ್ನು ಕತ್ತಿನ ರಬ್ಬರ್ ಬಳೆಗೆ ಒತ್ತಿಹಿಡಿಯುತ್ತದೆ, ಬಿರಡೆಯ ಹಂಗಿಲ್ಲ. ಮರಳಿನಲ್ಲಿದ್ದ ಕಬ್ಬಿಣದ ಅಂಶದಿಂದ ಬಂದ ಅದರ ಹಸಿರು, ದಪ್ಪ ಗಾಜಿನೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು, ಏರುತಗ್ಗಿನ ಮೈ, ಇವೆಲ್ಲ ಕಾರ್ಖಾನೆಯವನ ಲೆಕ್ಕದಲ್ಲಿ ಕುಂದುಗಳು. ಕ್ಯಾಮರಾದ ಲೆಕ್ಕದಲ್ಲಿ ಅವೇ ಆ ಸೀಸೆಯ ಸಂಪತ್ತು. ಅಂಥ ಸೀಸೆಯ ಮೂಲಕ ನೋಡಿದರೆ ಪೇಟೆಯ ಬೀದಿ ಕೆರೆಯ ತಳದಲ್ಲಿ ಇದ್ದಂತೆ ಕಾಣುತ್ತದೆ.

ಇನ್ನು ಬಳೆ. ಬೆನ್ನಿಗೆ ಮಲಾರ ಹೊತ್ತು ತೋಟದ ದಾರಿಯಲ್ಲಿ ಬರುತ್ತಿದ್ದ ಬಳೆಗಾರನನ್ನು ನಮ್ಮ ಓದುಗರು 1942ರ ‘ಮೈಸೂರು ಮಲ್ಲಿಗೆ’ಯಿಂದ ಬಲ್ಲರು. ಹೊಸ ಬಳೆ ಕೈಯಲ್ಲಿರುವಾಗ ಎಲ್ಲರೂ ನೋಡುತ್ತಾರೆ; ಒಡೆದ ಬಳೆಯ ಚೂರು ಮಕ್ಕಳ ಪಾಲು. ಚೂರುಗಳನ್ನು ದೀಪದ ಕುಡಿಗೆ ಹಿಡಿದು ಬಗ್ಗಿಸಿ, ಒಂದಕ್ಕೊಂದು ಕೊಂಡಿಯಾಗಿಸಿ ಸರ ಮಾಡುವ ಆಟವನ್ನು ಆಡಿದವರು ಇದನ್ನು ಕೇಳುತ್ತಿರಬಹುದು. ಕನ್ನಡಿಯ ಮೂರು ಪಟ್ಟಿಗಳ ನಡುವೆ ಅದೇ ಚೂರುಗಳನ್ನು ಹಾಕಿ ತಿರುಗಿಸಿದರೆ ಮುಗಿಯದ ರಂಗೋಲಿ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1817ರಲ್ಲಿ ಆ ಆಟಿಕೆಗೆ ಹಕ್ಕುಪತ್ರ ಪಡೆದ. ಗಾಜಿನ ಮೇಲಿನ ಹೊಳಪನ್ನು ಸುಮಾರು 56 ಡಿಗ್ರಿ ಕೋನದಲ್ಲಿ ನಿಂತು, ತಕ್ಕ ಶೋಧಕವನ್ನು ತಿರುಗಿಸಿ ಅಡಗಿಸಬಹುದೆಂಬ ಯುಕ್ತಿಗೆ ಆಧಾರವಾದ ನಿಯಮವೂ ಅವನದೇ. ಮಕ್ಕಳ ಆಟಕ್ಕೂ ಛಾಯಾಗ್ರಾಹಕನ ಕಸುಬಿಗೂ ಒಬ್ಬನೇ ಗುರು.

ಇಷ್ಟು ಹೇಳಿದ ಮೇಲೆ, ಚೆಲುವನ್ನು ಹುಡುಕುವ ಈ ಅಭ್ಯಾಸದಿಂದ ಆಗುವ ಲಾಭವೇನು ಎಂದು ಯಾರಾದರೂ ಕೇಳಬಹುದು. ಅದಕ್ಕೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಂದು ಸಂಗತಿಯನ್ನು ಹೇಳುವುದು ಮೇಲು.

ಕಳಸದ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆಯ ಮನೆ. 1980ರ ದಶಕದ ಮೊದಲ ವರ್ಷಗಳ ಮಾತು. ಮನೆಗೆ ವಿದ್ಯುತ್ತು ಬಂದಿತ್ತು. ಆದರೆ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ವಾರಗಟ್ಟಲೆ ಲಾಟೀನೇ ಗತಿ. ಪ್ರತಿ ಸಂಜೆ ನಾಲ್ಕು ಗಂಟೆಗೆ ಲಾಟೀನಿನ ಚಿಮಣಿಯನ್ನು ಬೂದಿ ಹಚ್ಚಿ ಉಜ್ಜಿ, ತೊಳೆದು, ಹಳೆಯ ಪಂಚೆಯ ತುಂಡಿನಿಂದ ಒರೆಸುವುದು ಅತ್ತೆಯ ಕೆಲಸ. ಆ ವರ್ಷ ಅವರಿಗೆ ಚಿಮಣಿ ಎಷ್ಟು ಉಜ್ಜಿದರೂ ತೃಪ್ತಿಯಿಲ್ಲ. ಸೊಸೆ ತೊಳೆದಿಟ್ಟದ್ದನ್ನು ಮತ್ತೆ ತೊಳೆಯುತ್ತಿದ್ದರು. “ಎಷ್ಟು ಉಜ್ಜಿದ್ರೂ ಮಸಿ ಹೋಗ್ತಾ ಇಲ್ಲ ಮಾರಾಯ. ದೀಪದ ಸುತ್ತ ಮಂಜು ಕಟ್ಟಿದ ಹಾಗೆ ಕಾಣ್ತದೆ. ಈ ಸೀಮೆಎಣ್ಣೆಗೇ ಎಂತದೋ ಬೆರೆಸ್ತಾರೆ” ಎಂದು ಅಂಗಡಿಯವನನ್ನೂ ಬೈಯುತ್ತಿದ್ದರು. ಸೊಸೆ ಬಾಯಿಬಿಡದೆ ಇನ್ನೊಮ್ಮೆ ಬೂದಿ ತರುತ್ತಿದ್ದಳು.

ನಾನು ಆ ಚಿಮಣಿಯನ್ನು ಕಿಟಕಿಯ ದಂಡೆಯ ಮೇಲೆ ಮಂಜಿಗೆ ಎದುರಾಗಿ ಇಟ್ಟು ಚಿತ್ರ ತೆಗೆದೆ. “ಅದ್ರಲ್ಲಿ ಎಂತ ಚೆಂದ ಉಂಟು ಅಂತ ತೆಗೀತೀಯ? ನಿನಗೆ ಬೇರೆ ಕೆಲಸ ಇಲ್ವಾ?” ಎಂದು ಅತ್ತೆ ನಕ್ಕರು. ಫಿಲ್ಮಿನ ಕಾಲ, ಮೂವತ್ತಾರು ಚಿತ್ರಗಳ ಸುರುಳಿ ಮುಗಿದು, ಚಿಕ್ಕಮಗಳೂರಿಗೆ ಹೋಗಿ, ತೊಳೆದು ಅಚ್ಚಾಗಿ ಬರಲು ಒಂದು ತಿಂಗಳಾಯಿತು. ಚಿತ್ರ ಚೆನ್ನಾಗಿಯೇ ಬಂದಿತ್ತು. ಹೊಟ್ಟೆ ಉಬ್ಬಿ ಕತ್ತು ಕಿರಿದಾದ ಆ ಚಿಮಣಿಯ ಎರಡು ಕಪ್ಪು ಗೆರೆಗಳು, ನಡುವೆ ಕಲೆಯ ಗುರುತೂ ಇಲ್ಲದ ಬಿಳುಪು. ಅತ್ತೆ ಆ ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದರು. “ನೋಡು, ಇದ್ರಲ್ಲೂ ಮಂಜೇ. ನಾ ಹೇಳ್ಲಿಲ್ವಾ” ಎಂದರು.

ಮಂಜು ಚಿಮಣಿಯಲ್ಲಿಯೂ ಇರಲಿಲ್ಲ, ಚಿತ್ರದಲ್ಲಿಯೂ ಇರಲಿಲ್ಲ. ಸೊಸೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಆ ವಾರವೇ ಅತ್ತೆಯನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಎರಡು ಕಣ್ಣಿಗೂ ಪೊರೆ ಬಂದಿತ್ತು.

ಆಗಿನ ಶಸ್ತ್ರಚಿಕಿತ್ಸೆಯಲ್ಲಿ ಮಸುಕಾದ ಕಣ್ಣಿನ ಮಸೂರವನ್ನು ತೆಗೆದುಹಾಕಿ, ಅದರ ಬದಲಿಗೆ ದಪ್ಪ ಕನ್ನಡಕ ಕೊಡುತ್ತಿದ್ದುದೇ ನಮ್ಮಲ್ಲಿ ಹೆಚ್ಚು. ಜನ ಅದನ್ನು ಸೋಡಾ ಗ್ಲಾಸು ಎಂದು ಕರೆಯುತ್ತಿದ್ದರು. ಅದರಲ್ಲಿ ಎಲ್ಲವೂ ಕಾಲು ಪಾಲಿನಷ್ಟು ದೊಡ್ಡದಾಗಿ, ಇರುವುದಕ್ಕಿಂತ ಹತ್ತಿರವಾಗಿ ಕಾಣುತ್ತದೆ. ಮೊದಲ ಕೆಲವು ದಿನ ಅತ್ತೆ ಕಾಫಿಯ ಲೋಟಕ್ಕೆ ಕೈ ಚಾಚಿದರೆ ಕೈ ಲೋಟದ ಈಚೆಗೇ ನಿಲ್ಲುತ್ತಿತ್ತು. ಮೆಲ್ಲಗೆ ಅಭ್ಯಾಸವಾಯಿತು. ಒಂದು ದಿನ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಆ ಚಿತ್ರವನ್ನು ತಾವಾಗಿಯೇ ತೆಗೆದು ಬಹಳ ಹೊತ್ತು ನೋಡಿದರು. ಚಿಮಣಿಯ ಬಾಯಿಯ ಹತ್ತಿರ ಕೂದಲೆಳೆಯಷ್ಟು ಸಣ್ಣ ಸೀಳೊಂದು ಬೆಳಕು ಹಿಡಿದು ನಿಂತಿತ್ತು. ಅದರ ಮೇಲೆ ಬೆರಳಿಟ್ಟು, “ಈ ಸೀಳು ನನ್ನ ಬೆರಳಿಗೆ ಮೊದಲೇ ಗೊತ್ತಿತ್ತು. ಕಣ್ಣಿಗೆ ಈಗ ಗೊತ್ತಾಯ್ತು” ಎಂದರು. ಸ್ವಲ್ಪ ತಡೆದು, “ಪೇಟೆಗೆ ಹೋದ್ರೆ ಹೊಸ ಚಿಮಣಿ ಒಂದು ತಾ. ಇದು ಹೆಚ್ಚು ದಿನ ಬರೂದಿಲ್ಲ” ಎಂದರು. ಸೊಸೆಗೆ ಏನು ಹೇಳಿದರೋ ನನಗೆ ತಿಳಿಯದು. ಆ ಸಂಜೆಯಿಂದ ಚಿಮಣಿ ಒರೆಸುವ ಕೆಲಸ ಒಮ್ಮೆಗೇ ಮುಗಿಯುತ್ತಿತ್ತು.

ಇಂದು ಪೊರೆ ತೆಗೆದ ಕಣ್ಣಿನೊಳಗೇ ಸಣ್ಣದೊಂದು ಕೃತಕ ಮಸೂರವನ್ನು ಇಡುತ್ತಾರೆ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಅದನ್ನು ಮೊದಲು ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳ ಒಡೆದು ಅದರ ಪಾರದರ್ಶಕ ಪ್ಲಾಸ್ಟಿಕ್ಕಿನ ಚೂರುಗಳು ವೈಮಾನಿಕರ ಕಣ್ಣಿಗೆ ಹೊಕ್ಕಿದ್ದರೂ ಕಣ್ಣು ಅವುಗಳನ್ನು ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು. ಗಾಯದೊಳಗಿನ ಚೂರನ್ನು ಅಷ್ಟು ಎಚ್ಚರದಿಂದ ನೋಡಿದ ಒಬ್ಬರಿಂದ ಲೋಕದ ಕೋಟ್ಯಂತರ ಮುದುಕ ಮುದುಕಿಯರಿಗೆ ದೃಷ್ಟಿ ಮರಳಿತು. ಕಡೆಗಣಿಸಿದ ವಸ್ತುವಿನ ಮೇಲೆ ಕಣ್ಣಿಡುವುದು ಬರಿಯ ಶೋಕಿಯಲ್ಲವೆಂದು ಹೇಳಲು ನನಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಕಲಾವಿದರ ಪೈಕಿ ಈ ದಾರಿಯಲ್ಲಿ ಬಹುದೂರ ನಡೆದವರಿದ್ದಾರೆ. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಕೂಡಿಸಿ ತೆಗೆದ ಚಿತ್ರ ಶಿಲ್ಪದಂತೆ ಇದೆ. ನನಗೆ ಹೆಚ್ಚು ಆಪ್ತನಾದವನು ಪ್ರಾಗ್ ನಗರದ ಯೋಸೆಫ್ ಸುಡೆಕ್. ಮೊದಲನೆಯ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡ ಈತ, ಎರಡನೆಯ ಯುದ್ಧದಲ್ಲಿ ಜರ್ಮನರು ತನ್ನ ಊರನ್ನು ಹಿಡಿದಿದ್ದಾಗ, 1940ರಿಂದ ಮೊದಲುಗೊಂಡು ವರ್ಷಗಳ ಕಾಲ ತನ್ನ ಕೋಣೆಯ ಕಿಟಕಿಯನ್ನೇ ಚಿತ್ರಿಸಿದ. ಬೆವರಿದ ಗಾಜು, ದಂಡೆಯ ಮೇಲೆ ನೀರಿನ ಒಂದು ಲೋಟ, ಆಚೆಗೆ ಒಂದು ಸೊಟ್ಟ ಮರ, ಇಷ್ಟೇ ಅವನ ಲೋಕ. ಹೊರಗೆ ಹೋಗುವಂತಿಲ್ಲದವನು ಕಿಟಕಿಯನ್ನೇ ಲೋಕವಾಗಿಸಿಕೊಂಡದ್ದು ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಅವನ ಕಷ್ಟಕ್ಕೂ ನಮ್ಮ ಮಳೆಗೂ ಹೋಲಿಕೆಯಿಲ್ಲ, ನಿಜ. ನೋಡುವ ರೀತಿಗೆ ಹೋಲಿಕೆಯುಂಟು. ನಮ್ಮ ಬೇಲೂರಿನ ಶಿಲ್ಪಿಯನ್ನೂ ಇಲ್ಲಿ ನೆನೆಯಬೇಕು. ಮೂಡಿಗೆರೆಯಿಂದ ಕೊಂಚವೇ ದೂರದ ಆ ಊರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ದರ್ಪಣಸುಂದರಿಯನ್ನು ನೋಡಿದವರು ಆಕೆಯ ಮುಖವನ್ನು ಮೆಚ್ಚುತ್ತಾರೆ. ಹೊಳೆಯದ ಬಳಪದ ಕಲ್ಲಿನಲ್ಲಿ ಕನ್ನಡಿಯನ್ನು ನಂಬಿಸಿದವನ ಧೈರ್ಯವನ್ನೂ ಅಷ್ಟೇ ಮೆಚ್ಚಬೇಕು. ಕನ್ನಡಿ ಕನ್ನಡಿಯಾದದ್ದು ಆಕೆ ಅದನ್ನು ನೋಡುತ್ತಿರುವ ಬಗೆಯಿಂದ.

ಮಲೆನಾಡು ಛಾಯಾಗ್ರಾಹಕನಿಗೆ ಮಂಜನ್ನು ಕೊಡುವಂತೆ ಬೂಷ್ಟನ್ನೂ ಕೊಡುತ್ತದೆ. ಮಳೆಗಾಲದ ತೇವಕ್ಕೆ ಚಪ್ಪಲಿ, ಪುಸ್ತಕಗಳಿಗೆ ಹಿಡಿಯುವ ಬೂಷ್ಟು ಕ್ಯಾಮರಾದ ಮಸೂರವನ್ನೂ ಬಿಡುವುದಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಜರಿಗಿಡದ ಎಲೆಯಂತೆ ಕವಲೊಡೆದ ಬಿಳಿಯ ಎಳೆಗಳು. ಹಾಗೆಯೇ ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಹರಳುಗಳ ಗಂಟಿನೊಡನೆ ಇಡುವುದು, ಹರಳಿನ ನೀಲಿ ಗುಲಾಬಿಯಾದರೆ ತೇವ ಹೀರಿತೆಂದು ತಿಳಿದು ಮತ್ತೆ ಬಿಸಿಮಾಡುವುದು, ಇದಕ್ಕಿಂತ ಸುಲಭದ ಉಪಾಯವಿಲ್ಲ. ಬಿಸಿಲು ಬಂದ ದಿನ ಕಾಫಿಯಂತೆ ಕ್ಯಾಮರಾವನ್ನೂ ಕಣಕ್ಕೆ ತರಬೇಕು.

ಒಂದು ಆಕ್ಷೇಪಣೆಗೆ ಉತ್ತರ ಹೇಳಿ ಮುಗಿಸುತ್ತೇನೆ. ಹಳೆಯ ಲಾಟೀನು, ಗೋಲಿ ಸೋಡಾ, ಹೊಗೆಯ ಅಡುಗೆಮನೆಗಳನ್ನು ಚೆಂದವೆನ್ನುವುದು, ಅವುಗಳ ನಡುವೆ ದುಡಿದು ಕಣ್ಣು ಕೆಂಪಾಗಿಸಿಕೊಂಡವರಿಗೆ ಮಾಡುವ ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ಹೊಗೆಯ ಒಲೆ ಹೋಗಿ ಗ್ಯಾಸಿನ ಒಲೆ ಬಂದದ್ದು ಒಳ್ಳೆಯದೇ. ಬೆಳಕಿನ ಕೋಲು ಕಾಣಲೆಂದು ಯಾರೂ ಕೆಮ್ಮಬೇಕಾಗಿಲ್ಲ. ಹಳೆಯದೆಂಬ ಕಾರಣಕ್ಕೆ ಯಾವುದೂ ಚೆಲುವಾಗುವುದಿಲ್ಲ. ಇಂದಿನ ಸಾಮಾನುಗಳೂ ಬೆಳಕನ್ನು ಬಾಗಿಸುತ್ತವೆ. ಬಸ್ಸಿನ ಕಿಟಕಿಯ ಮೇಲಿನ ಒಂದೊಂದು ಮಳೆಹನಿಯೂ ಒಂದೊಂದು ಮಸೂರ. ಅದರೊಳಗೆ ಸಿಲ್ವರ್ ಓಕಿನ ಸಾಲು, ರಸ್ತೆ, ಎದುರಿನಿಂದ ಬರುವ ಲಾರಿ ಎಲ್ಲವೂ ತಲೆಕೆಳಗಾಗಿ ನಿಂತಿರುತ್ತವೆ. ಚೆಲುವನ್ನು ಕಂಡವನು ಆ ವಸ್ತುವಿನ ಹಿಂದಿರುವ ಕೈಯನ್ನೂ ಕಾಣಬೇಕು. ಉಜ್ಜಿದ ಗಾಜಿನ ತಿಳಿಯೆಲ್ಲ ಯಾರೋ ಉಜ್ಜಿದ್ದರಿಂದ ಬಂದದ್ದು.

ಇದಕ್ಕೆ ಕ್ಯಾಮರಾ ಇರಲೇಬೇಕೆಂಬ ಕಟ್ಟುಪಾಡೂ ಇಲ್ಲ. ನಾಳೆ ಬೆಳಿಗ್ಗೆ ಕಿಟಕಿಯ ಬಳಿ ಒಂದು ಗಾಜಿನ ಲೋಟದಲ್ಲಿ ನೀರು ತುಂಬಿಟ್ಟು, ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ ಸರಿದು ನೋಡಿ. ಅಂಚಿನ ಗೆರೆ ಕಪ್ಪಾಗಿದ್ದದ್ದು ಬೆಳ್ಳಗಾಗುತ್ತದೆ, ಬೆಳ್ಳಗಿದ್ದದ್ದು ಮಾಯವಾಗುತ್ತದೆ. ಮನೆಯವರು ಏನೆಂದು ಕೇಳಿದರೆ ಅವರನ್ನೂ ಕರೆದು ನಿಲ್ಲಿಸಿಕೊಳ್ಳಿ. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದಿದ್ದರೆ ಅದೂ ತಿಳಿಯಬೇಕಾದ ಸಂಗತಿಯೇ. ಹೊಸ ಮನೆ ಕಟ್ಟಿಸುವವರಿಗೂ ಒಂದು ಮಾತು. ಮಾಡಿಗೆ ಹೆಂಚಾಗಲಿ ತಾರಸಿಯಾಗಲಿ, ಅಡುಗೆಮನೆಯ ನೆತ್ತಿಯಲ್ಲಿ ಒಂದು ಚೌಕದಷ್ಟು ಗಾಜಿಗೆ ಜಾಗ ಬಿಡಿ. ಅದಕ್ಕೆ ತಗಲುವ ಖರ್ಚು ಹೆಚ್ಚಿನದಲ್ಲ. ವರ್ಷಕ್ಕೊಮ್ಮೆ ಅದನ್ನು ಒರೆಸಲು ಮರೆಯದಿದ್ದರಾಯಿತು.